ರಾತ್ರಿ ಮಾತ್ರ ಕೈಕೊಡುತ್ತಿದ್ದ ಟೇಪ್ ಬ್ಯಾಕಪ್

ಕಂಪ್ಯೂಟರಿನ ಡೇಟಾವನ್ನು ಮ್ಯಾಗ್ನೆಟಿಕ್ ಟೇಪಿಗೆ ನಕಲು ಮಾಡಿಡುವ ನಮ್ಮ ಟೇಪ್ ಡ್ರೈವ್ ಹಗಲು ಹೊತ್ತಿನಲ್ಲಿ ಚೆನ್ನಾಗಿಯೇ ಓಡುತ್ತಿತ್ತು. ರಾತ್ರಿಯ ಬ್ಯಾಕಪ್ ಮಾತ್ರ ವಾರದಲ್ಲಿ ಮೂರು ನಾಲ್ಕು ಸಲ ಅರ್ಧಕ್ಕೇ ನಿಂತುಬಿಡುತ್ತಿತ್ತು. ನಾನಾಗ ಕೆಲಸ ಮಾಡುತ್ತಿದ್ದ ಸಣ್ಣ ಕಚೇರಿಯಲ್ಲಿ ಎಲ್ಲರ ಅನುಮಾನ ಮೊದಲು ಹೋದದ್ದು ಟೇಪಿನ ಮೇಲೆ. ಹೊಸ ಕಾರ್ಟ್ರಿಜ್ ಹಾಕಿದೆವು. ಕ್ಲೀನಿಂಗ್ ಕಾರ್ಟ್ರಿಜ್ ಓಡಿಸಿದೆವು. ಕೇಬಲ್ ಬದಲಾಯಿಸಿದೆವು. ಬೆಳಿಗ್ಗೆ ಬಂದು ನೋಡಿದರೆ ಲಾಗ್‌ನಲ್ಲಿ ಮತ್ತೆ ಬ್ಯಾಕಪ್ ಸೋತಿತೆಂಬ ಅದೇ ಕೆಂಪು ಸಾಲು.

ಈ ಕಾಲದಲ್ಲೂ ಟೇಪ್ ಯಾಕೆ ಅಂತ ಕೇಳುವವರಿದ್ದಾರೆ. 2011ರ ಫೆಬ್ರವರಿಯಲ್ಲಿ ಒಂದು ಸಾಫ್ಟ್‌ವೇರ್ ದೋಷದಿಂದ ಜಿಮೇಲ್‌ನ ಸುಮಾರು ಶೇಕಡಾ 0.02ರಷ್ಟು ಬಳಕೆದಾರರ ಮೇಲ್‌ಗಳು ಕಾಣೆಯಾದವು. ಗೂಗಲ್ ಅವನ್ನು ಮರಳಿ ತಂದದ್ದು ಟೇಪಿನಿಂದ. ಕಪಾಟಿನಲ್ಲಿಟ್ಟ ಟೇಪನ್ನು ಸಾಫ್ಟ್‌ವೇರ್ ದೋಷ ಮುಟ್ಟಲಾರದು. ಹಾಗಾಗಿಯೇ ಆ ಕೆಂಪು ಸಾಲು ನಮ್ಮ ನಿದ್ದೆ ಕೆಡಿಸಿತ್ತು.

ನಮ್ಮದು ಎಲ್‌ಟಿಒ-6 ಡ್ರೈವ್, ಅಂದರೆ ಎಲ್‌ಟಿಒ ಅನ್ನುವ ಟೇಪ್ ಮಾದರಿಯ ಆರನೇ ಪೀಳಿಗೆ. ಅದರ ಟೇಪ್ ಅರ್ಧ ಇಂಚು ಅಗಲ, 846 ಮೀಟರ್ ಉದ್ದ. ಕಂಪ್ರೆಷನ್ ಇಲ್ಲದೆ 2.5 ಟೆರಾಬೈಟ್ ಹಿಡಿಸುತ್ತದೆ. ಸೆಕೆಂಡಿಗೆ 160 ಮೆಗಾಬೈಟ್ ವೇಗದಲ್ಲಿ ಬರೆದರೂ ತುಂಬಲು ನಾಲ್ಕು ಗಂಟೆಗಿಂತ ಜಾಸ್ತಿ ಬೇಕು. ಅಷ್ಟರಲ್ಲಿ ಟೇಪ್ ಈ ತುದಿಯಿಂದ ಆ ತುದಿಗೆ 136 ಸಲ ಓಡಿರುತ್ತದೆ. ಬರೆದ ಬೆನ್ನಲ್ಲೇ ಇನ್ನೊಂದು ಹೆಡ್ ಅದನ್ನು ಓದಿ ಸರಿಯಿದೆಯಾ ಅಂತ ನೋಡುತ್ತದೆ. ಟೇಪೇ ಕೆಟ್ಟಿದ್ದರೆ ಡ್ರೈವ್ ಅದನ್ನು ಸ್ಪಷ್ಟವಾಗಿ ಹೇಳುತ್ತದೆ.

ನಾವು ಆ ಮಾತಿಗೆ ಕಿವಿಗೊಟ್ಟಿರಲಿಲ್ಲ. ಡ್ರೈವ್ ಪ್ರತಿ ತೊಂದರೆಗೂ 'ಸೆನ್ಸ್ ಕೀ' ಅನ್ನುವ ಒಂದು ಸಂಖ್ಯೆ ಕೊಡುತ್ತದೆ. 3 ಬಂದರೆ ಟೇಪಿನ ಮೇಲೋ ಹೆಡ್ಡಿನ ಮೇಲೋ ಅನುಮಾನ ಪಡಬೇಕು. ನಮ್ಮ ಲಾಗ್‌ನಲ್ಲಿ ಇದ್ದದ್ದು 6, ಅದರ ಜೊತೆಗೆ 29 ಅನ್ನುವ ಕೋಡ್. 'ನನ್ನನ್ನು ಯಾರೋ ರೀಸೆಟ್ ಮಾಡಿದರು' ಅಂತ ಅದರ ಅರ್ಥ. ಅಂದರೆ ಕೆಟ್ಟಿದ್ದು ಟೇಪ್ ಅಲ್ಲ, ಟೇಪಿನವರೆಗೆ ಹೋಗುವ ದಾರಿ.

ಇಲ್ಲೊಂದು ಪ್ರಶ್ನೆ ಏಳುತ್ತದೆ. ದಾರಿಯಲ್ಲಿ ಒಂದು ಕ್ಷಣ ತಡವರಿಸಿದರೆ ಡಿಸ್ಕ್ ಸುಧಾರಿಸಿಕೊಳ್ಳುತ್ತದೆ, ಟೇಪ್ ಯಾಕೆ ಸುಧಾರಿಸಿಕೊಳ್ಳುವುದಿಲ್ಲ? ಡಿಸ್ಕ್‌ಗೆ ಹೋಗುವ ಪ್ರತಿ ಆಜ್ಞೆಗೂ ವಿಳಾಸ ಇರುತ್ತದೆ: ಇಂಥ ಜಾಗದಲ್ಲಿ ಇದನ್ನು ಬರೆ. ಅನುಮಾನ ಬಂದರೆ ಅದನ್ನೇ ಮತ್ತೆ ಬರೆದರಾಯಿತು. ಟೇಪಿಗೆ ಹೋಗುವ ಆಜ್ಞೆ 'ಮುಂದಿನದು ಇದು' ಅಂತ ಅಷ್ಟೇ. ಅಕ್ಕಿ ಅಳೆಯುವಾಗ ಯಾರೋ ಮಾತಾಡಿಸಿ ಲೆಕ್ಕ ತಪ್ಪಿದ ಹಾಗೆ. ಏಳನೇ ಸೇರು ಸುರಿದಾಗಿದೆಯೋ ಇಲ್ಲವೋ? ಸುಮ್ನೆ ಇನ್ನೊಂದು ಸುರಿದರೆ ಜಾಸ್ತಿ ಆಗಬಹುದು, ಬಿಟ್ಟರೆ ಕಡಿಮೆ ಆಗಬಹುದು. ಅದಕ್ಕೇ ಬ್ಯಾಕಪ್ ಸಾಫ್ಟ್‌ವೇರ್ ಕೆಲಸ ನಿಲ್ಲಿಸುತ್ತದೆ. ಅದು ನಿಲ್ಲಿಸುವುದೇ ಸರಿ.

ಹಾಗಾದರೆ ರೀಸೆಟ್ ಮಾಡಿದ್ದು ಯಾರು? ಡ್ರೈವ್‌ನ ಕೇಬಲ್ ಹೋಗಿ ಸೇರುವುದು ಮದರ್‌ಬೋರ್ಡಿನ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿನಲ್ಲಿರುವ ಸ್ಯಾಸ್ ಕಾರ್ಡಿಗೆ, ಅಂದರೆ ಡಿಸ್ಕ್, ಟೇಪ್‌ಗಳನ್ನು ಕಂಪ್ಯೂಟರಿಗೆ ಜೋಡಿಸುವ ಕಾರ್ಡಿಗೆ. ಕರೆಂಟ್ ಉಳಿಸಲು ಮದರ್‌ಬೋರ್ಡಿನ ಫರ್ಮ್‌ವೇರ್‌ನಲ್ಲಿ (ಬಯೋಸ್ ಅಂತಾರಲ್ಲ, ಅದು) ಎಎಸ್‌ಪಿಎಂ ಅನ್ನುವ ಸೆಟ್ಟಿಂಗ್ ಇರುತ್ತದೆ. ಅದು ಆನ್ ಆಗಿದ್ದರೆ, ಡೇಟಾ ಹರಿಯದ ಕ್ಷಣಗಳಲ್ಲಿ ಸ್ಲಾಟಿನ ಲಿಂಕ್ ನಿದ್ದೆಗೆ ಜಾರುತ್ತದೆ, ಕೆಲಸ ಬಂದಾಗ ಏಳುತ್ತದೆ. ಸಾಮಾನ್ಯವಾಗಿ ಇದು ಯಾರ ಗಮನಕ್ಕೂ ಬರುವುದಿಲ್ಲ. ಆದರೆ ಕೆಲವು ಕಾರ್ಡ್ ಮತ್ತು ಬೋರ್ಡ್‌ಗಳ ಜೋಡಿಯಲ್ಲಿ ಲಿಂಕ್ ಸರಿಯಾಗಿ ಏಳುವುದಿಲ್ಲ. ಕಾರ್ಡನ್ನು ನಡೆಸುವ ಸಾಫ್ಟ್‌ವೇರ್, ಅಂದರೆ ಡ್ರೈವರ್, ಕಾದು ನೋಡಿ, ಉತ್ತರ ಬಾರದೆ, ಕಾರ್ಡನ್ನೇ ರೀಸೆಟ್ ಮಾಡುತ್ತದೆ. ಅದರ ಜೊತೆಗೆ ಟೇಪ್ ಡ್ರೈವ್ ಕೂಡ ರೀಸೆಟ್ ಆಗುತ್ತದೆ.

ರಾತ್ರಿಯ ಒಗಟು ಬಿಡಿಸಿದ್ದೂ ಇದೇ. ಹಗಲಿನ ಪರೀಕ್ಷೆಗೆ ನಾವು ಒಂದೇ ದೊಡ್ಡ ಫೈಲ್ ಬರೆಯುತ್ತಿದ್ದೆವು. ಡೇಟಾ ಎಡೆಬಿಡದೆ ಹರಿಯುತ್ತಿತ್ತು, ಲಿಂಕ್‌ಗೆ ನಿದ್ದೆ ಮಾಡಲು ಪುರುಸೊತ್ತೇ ಇರಲಿಲ್ಲ. ರಾತ್ರಿ ಲಕ್ಷಾಂತರ ಪುಟ್ಟ ಫೈಲ್‌ಗಳು. ಒಂದೊಂದನ್ನೂ ಹುಡುಕಿ ತರುವಾಗ ನಡುವೆ ಬಿಡುವು, ಆ ಬಿಡುವಿನಲ್ಲಿ ನಿದ್ದೆ.

ಹಾಗಿದ್ದರೆ ಮೊದಲು ಸರಿಯಿತ್ತಲ್ವಾ? ಹೌದು. ಎರಡು ವಾರ ಹಿಂದೆ ನಾವೇ ಫರ್ಮ್‌ವೇರ್ ಅಪ್‌ಡೇಟ್ ಮಾಡಿದ್ದೆವು. ಅಪ್‌ಡೇಟ್ ಆದಮೇಲೆ ಸೆಟ್ಟಿಂಗ್‌ಗಳು ಡೀಫಾಲ್ಟ್‌ಗೆ ಮರಳುವುದುಂಟು. ಬೋರ್ಡಿನ ಮೇಲಿನ ಬಿಲ್ಲೆಯಂಥ ಸಿಆರ್2032 ಬ್ಯಾಟರಿ ಸತ್ತರೂ ಬಹಳಷ್ಟು ಬೋರ್ಡ್‌ಗಳಲ್ಲಿ ಇದೇ ಗತಿ. ಆಗ ಗಡಿಯಾರವೂ ಹಿಂದಕ್ಕೆ ಹೋಗಿರುತ್ತದೆ, ಅದೇ ಗುರುತು.

ಎಎಸ್‌ಪಿಎಂ ಆಫ್ ಮಾಡಿದೆವು. ಬೇರೆ ಏನನ್ನೂ ಮುಟ್ಟಲಿಲ್ಲ. ಎರಡು ಮೂರು ಸೆಟ್ಟಿಂಗ್ ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಗುಣವಾಯಿತು ಅಂತ ತಿಳಿಯುವುದಿಲ್ಲ. ವಿಂಡೋಸ್‌ನ ಪವರ್ ಆಪ್ಷನ್ಸ್‌ನಲ್ಲೂ 'ಲಿಂಕ್ ಸ್ಟೇಟ್ ಪವರ್ ಮ್ಯಾನೇಜ್‌ಮೆಂಟ್' ಅಂತ ಇದರದೇ ಜೊತೆಗಾರ ಇದೆ, ಅದನ್ನೂ ನೋಡಿಕೊಳ್ಳಬೇಕು.

ನನಗೆ ಇದಕ್ಕಿಂತ ಹೆಚ್ಚು ಭಯ ಹುಟ್ಟಿಸುವ ಸೆಟ್ಟಿಂಗ್ ಇನ್ನೊಂದಿದೆ. ರ‍್ಯಾಮ್ ಅನ್ನು ಅದರ ಮೂಲ ವೇಗಕ್ಕಿಂತ ಜೋರಾಗಿ ಓಡಿಸುವ ಎಕ್ಸ್‌ಎಂಪಿ. ಅದು ಹೊಂದದಿದ್ದರೆ ಡೇಟಾ ರ‍್ಯಾಮ್‌ನಲ್ಲೇ ಕೆಡಬಹುದು. ಟೇಪ್ ಆ ಕೆಟ್ಟ ಡೇಟಾವನ್ನು ನಿಷ್ಠೆಯಿಂದ ಬರೆಯುತ್ತದೆ, ಹಿಂದಿನ ಹೆಡ್ ಓದಿ 'ಸರಿಯಿದೆ' ಅನ್ನುತ್ತದೆ. ಕೆಂಪು ಸಾಲು ಬರುವುದೇ ಇಲ್ಲ. ಟೇಪಿನಿಂದ ಫೈಲ್‌ಗಳನ್ನು ಮರಳಿ ತೆಗೆದು, ಮೂಲದ ಜೊತೆ ಹೋಲಿಸಿ ನೋಡಿದಾಗಲೇ ಅದು ಸಿಕ್ಕಿಬೀಳುವುದು.

ಆ ರಾತ್ರಿ ಬ್ಯಾಕಪ್ ಪೂರ್ತಿ ಮುಗಿಯಿತು. ಮಾರನೆಯ ದಿನ ಫರ್ಮ್‌ವೇರ್‌ನ ಒಂದೊಂದು ಪುಟದ ಫೋಟೊವನ್ನೂ ಮೊಬೈಲ್‌ನಲ್ಲಿ ತೆಗೆದು, ಪ್ರಿಂಟ್ ಹಾಕಿಸಿ, ಸರ್ವರ್ ಕಪಾಟಿನ ಬಾಗಿಲ ಒಳಮೈಗೆ ಅಂಟಿಸಿದೆ.