ಹಾಲಿನ ಪ್ಲೇಟಿನ ಉಂಗುರ ನಂಬುವ ಮುನ್ನ

ಶ್ರೀಖಂಡದ ಊರಾದ ಪುಣೆಯಲ್ಲಿ ಚಕ್ಕಾ (ನೀರು ಬಸಿದ ಗಟ್ಟಿ ಮೊಸರು) ಕಟ್ಟಿದ ಬಟ್ಟೆಯಿಂದ ಸೋರುವ ಹುಳಿನೀರಿಗೆ ಬರವಿಲ್ಲ. ಧಾರವಾಡ, ಬೆಳಗಾವಿ ಕಡೆಯಿಂದ ಇಲ್ಲಿಗೆ ಪ್ರಾಜೆಕ್ಟ್ ಮಾಡಲು ಬರುವವರಿಗೆ ಅದರಲ್ಲಿ ಯೀಸ್ಟ್ ಹುಡುಕುವುದು ಸುಲಭ. ಹಾಲಿನ ಪ್ರೋಟೀನ್ ಒಡೆದದ್ದು ಆ ಯೀಸ್ಟೇ ಎಂದು ತೋರಿಸುವುದು ಕಷ್ಟ. ಅಗರ್ (ಸೂಕ್ಷ್ಮಜೀವಿ ಬೆಳೆಸುವ ಜೆಲ್ಲಿ) ಜೊತೆ ಹಾಲು ಬೆರೆಸಿದ ಪ್ಲೇಟಿನಲ್ಲಿ, ಪ್ರೋಟೀನ್ ಒಡೆಯುವ ಕಾಲೊನಿಯ ಸುತ್ತ ತಿಳಿ ಉಂಗುರ ಮೂಡುತ್ತದೆ. ಆ ಉಂಗುರವನ್ನು ನಂಬುವ ಮುನ್ನ ಪರೀಕ್ಷಿಸುವುದು ಹೀಗೆ.

ಕೆನೆರಹಿತ ಹಾಲಿನಪುಡಿಯ 10% ದ್ರಾವಣವನ್ನು ಅಗರ್‌ನಿಂದ ಬೇರೆಯಾಗಿಯೇ ಆಟೋಕ್ಲೇವ್ ಮಾಡಿ (ಒತ್ತಡದ ಹಬೆಯಲ್ಲಿ ಕಾಯಿಸಿ ಸೂಕ್ಷ್ಮಜೀವಿಗಳನ್ನು ಕೊಲ್ಲಿ); 110 ಡಿಗ್ರಿ, 10 ನಿಮಿಷ ಸಾಕು. ಹೆಚ್ಚಾದರೆ ಕಂದು ತಿರುಗುತ್ತದೆ. ಅಗರ್ 50 ಡಿಗ್ರಿಗೆ ಇಳಿದ ಮೇಲೆ, ಕೊನೆಗೆ ಹಾಲಿನಪುಡಿ 1% ಇರುವಂತೆ ಬೆರೆಸಿ. ಪಿಎಚ್ 6.5ರ ಹತ್ತಿರ ಇರಲಿ, ಇಲ್ಲದಿದ್ದರೆ ಹಾಲು ಒಡೆಯುತ್ತದೆ. ಲೀಟರಿಗೆ 100 ಮಿಲಿಗ್ರಾಂ ಕ್ಲೋರಾಂಫೆನಿಕಾಲ್ (ಬ್ಯಾಕ್ಟೀರಿಯಾ ತಡೆಯುವ ಔಷಧ) ಮರೆಯಬೇಡಿ. ಬ್ಯಾಸಿಲಸ್ ಬ್ಯಾಕ್ಟೀರಿಯಾದ ಬೀಜಕಗಳು ಹಾಲು ಕಾಯಿಸಿದರೂ ಸಾಯುವುದಿಲ್ಲ, ಪ್ರೋಟಿಯೇಸ್ (ಪ್ರೋಟೀನ್ ಒಡೆಯುವ ಕಿಣ್ವ) ಸುರಿಸುವುದರಲ್ಲಿ ಅವು ಯೀಸ್ಟಿಗಿಂತ ಜೋರು. ಅದಕ್ಕೇ ಪ್ರತಿ ಕಾಲೊನಿಯನ್ನೂ ಸೂಕ್ಷ್ಮದರ್ಶಕದಲ್ಲಿ ನೋಡಿ, ಮೊಗ್ಗೊಡೆಯುವ ಕೋಶಗಳೇ ಹೌದೋ ಎಂದು.

28 ಡಿಗ್ರಿಯಲ್ಲಿ ಮೂರರಿಂದ ಐದು ದಿನಕ್ಕೆ ಉಂಗುರ ಬರುತ್ತದೆ. ಆದರೆ ಕ್ಲೂವೆರೊಮೈಸಿಸ್‌ನಂಥ ಯೀಸ್ಟುಗಳು ಲ್ಯಾಕ್ಟೋಸ್ (ಹಾಲಿನ ಸಕ್ಕರೆ) ಹುದುಗಿಸಿ ಆಮ್ಲ ಬಿಟ್ಟರೂ ಹಾಲಿನ ಬಿಳುಪು ಬದಲಾಗಿ ಉಂಗುರದಂತೆಯೇ ಕಾಣುತ್ತದೆ. ಕಾಲೊನಿಯ ಪ್ರತಿಯನ್ನು ಇನ್ನೊಂದು ಪ್ಲೇಟಿಗೆ ತೆಗೆದಿಟ್ಟು, ಮೂಲ ಪ್ಲೇಟಿನ ಮೇಲೆ 10% ಟ್ರೈಕ್ಲೋರೊಅಸೆಟಿಕ್ ಆಮ್ಲ (ಟಿಸಿಎ) ಹೊಯ್ಯಿರಿ. ಒಡೆಯದ ಕೇಸಿನ್ (ಹಾಲಿನ ಮುಖ್ಯ ಪ್ರೋಟೀನ್) ಬೆಳ್ಳಗೆ ಗಟ್ಟಿಯಾಗುತ್ತದೆ, ನಿಜವಾಗಿ ಜೀರ್ಣವಾದ ಜಾಗ ಮಾತ್ರ ತಿಳಿಯಾಗಿ ಉಳಿಯುತ್ತದೆ. ಹೋಲಿಕೆಗೆ ಯಾರೋವಿಯಾ ಲಿಪೊಲಿಟಿಕಾ ಎಂಬ ಯೀಸ್ಟ್ ಒಳ್ಳೆಯದು. ಅದಕ್ಕೆ ಲ್ಯಾಕ್ಟೋಸ್ ಆಗದು, ಆದರೆ ಪ್ರೋಟಿಯೇಸನ್ನು ಹೊರಗೆ ಬಿಡುತ್ತದೆ. ಕಲ್ಚರ್ ಬೇಕೆಂದರೆ ಇದೇ ಊರಿನ ಎನ್‌ಸಿಎಲ್‌ನಲ್ಲಿ (ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯ) ಎನ್‌ಸಿಐಎಂ ಎಂಬ ಸೂಕ್ಷ್ಮಜೀವಿ ಸಂಗ್ರಹವಿದೆ. ಮೊದಲು ಅವರ ಪಟ್ಟಿ ನೋಡಿಕೊಳ್ಳಿ.

ಯಾರೋವಿಯಾ ಪಿಎಚ್ ನೋಡಿ ಕಿಣ್ವ ಬದಲಿಸುತ್ತದೆ: ತಟಸ್ಥದ ಸುತ್ತ ಕ್ಷಾರೀಯ ಪ್ರೋಟಿಯೇಸ್, ಆಮ್ಲದ ಕಡೆಗೆ ಆಮ್ಲೀಯ ಪ್ರೋಟಿಯೇಸ್. ಹುಳಿನೀರಿನಲ್ಲೇ ಬೆಳೆಸಿ ಪಿಎಚ್ 7.5ರಲ್ಲಿ ಮಾತ್ರ ಅಳೆದರೆ ಸೊನ್ನೆ ಬಂದೀತು. ಆಮ್ಲದ ಕಡೆ ಅಳೆಯಲು ಕೇಸಿನ್ ಒಗ್ಗದು, 4.6ಕ್ಕೇ ತಳ ಹಿಡಿಯುತ್ತದೆ, ಹಿಮೊಗ್ಲೋಬಿನ್ ಬಳಸಿ. ಬೇಗ ಬೆಳೆಯಲಿ ಎಂದು ಅಮೋನಿಯಂ ಸಲ್ಫೇಟ್ ಹಾಕುವವರಿದ್ದಾರೆ. ಸುಲಭದ ಸಾರಜನಕ ಸಿಕ್ಕರೆ ಯೀಸ್ಟ್ ಪ್ರೋಟಿಯೇಸ್ ಬಿಡುವ ಗೋಜಿಗೇ ಹೋಗುವುದಿಲ್ಲ.

ತಟಸ್ಥದ ಕಡೆಯ ಅಳತೆಗೆ 0.65% ಕೇಸಿನ್ 5 ಮಿ.ಲೀ., ಕೋಶ ತೆಗೆದ ತಿಳಿದ್ರವ 1 ಮಿ.ಲೀ., 37 ಡಿಗ್ರಿ, 10 ನಿಮಿಷ. 110 ಮಿಲಿಮೋಲಾರ್ ಟಿಸಿಎ 5 ಮಿ.ಲೀ. ಹಾಕಿ ನಿಲ್ಲಿಸಿ, ಸೋಸಿ, ಸೋಡಿಯಂ ಕಾರ್ಬೊನೇಟ್ ಮತ್ತು ಫೋಲಿನ್ (ಒಡೆದ ಪ್ರೋಟೀನ್ ತುಣುಕುಗಳಿದ್ದರೆ ನೀಲಿಯಾಗುವ ದ್ರಾವಣ) ಸೇರಿಸಿ 660 ನ್ಯಾನೊಮೀಟರ್‌ನಲ್ಲಿ ಓದಿ. ಬ್ಲ್ಯಾಂಕ್‌ಗೆ (ಕಳೆಯಬೇಕಾದ ಮೂಲ ಓದಿನ ಟ್ಯೂಬ್) ಬರೀ ನೀರು ಇಟ್ಟರೆ ಲೆಕ್ಕ ಕೆಟ್ಟಿತು, ಏಕೆಂದರೆ ಹುಳಿನೀರಿನಲ್ಲಿ ಮೊದಲೇ ಇರುವ ಅಮೈನೊ ಆಮ್ಲಗಳೂ ನೀಲಿ ಕೊಡುತ್ತವೆ. ಕೇಸಿನ್‌ಗೆ ಮೊದಲು ಟಿಸಿಎ, ಆಮೇಲೆ ಅದೇ ತಿಳಿದ್ರವ ಹಾಕಿದ ಟ್ಯೂಬೇ ಬ್ಲ್ಯಾಂಕ್.