ನ್ಯಾಯೋಚಿತ ಬಳಕೆ: ಎಷ್ಟು ಎಂಬ ಪ್ರಶ್ನೆಗೆ ಅಂಕಿಯ ಉತ್ತರವಿಲ್ಲ

ಬೇರೆಯವರ ಕೃತಿಯಿಂದ ಅನುಮತಿಯಿಲ್ಲದೆ ತೆಗೆದುಕೊಳ್ಳಬಹುದಾದದ್ದು ಬರಹವಾದರೆ ಶೇಕಡಾ 10, ಹಾಡಾದರೆ 30 ಸೆಕೆಂಡ್. ಅಷ್ಟರೊಳಗಿದ್ದರೆ ಯಾರೂ ಕೇಳುವುದಿಲ್ಲ ಎಂಬ ಲೆಕ್ಕ ವಿದ್ಯಾರ್ಥಿಗಳ ನಡುವೆ ಬೇರೂರಿದೆ. ಕೃತಿಸ್ವಾಮ್ಯವನ್ನು (ಕಾಪಿರೈಟ್) ಕಲಿಸುವವರು ಮೊದಲು ಬಿಡಿಸಬೇಕಾದ ಗಂಟು ಇದೇ. ಅನುಮತಿಯಿಲ್ಲದೆ ಬಳಸಲು ಕಾನೂನು ಕೊಡುವ ಅವಕಾಶವನ್ನು ನ್ಯಾಯೋಚಿತ ಬಳಕೆ (ಫೇರ್ ಯೂಸ್) ಎನ್ನುತ್ತಾರೆ; ಅಮೆರಿಕದ ಕಾಯ್ದೆಯಲ್ಲಿ ಅದಕ್ಕೆ ಅಂಥ ಗೆರೆಯೇ ಇಲ್ಲ.

ಅಲ್ಲಿಯ 1976ರ ಕಾಯ್ದೆಯ 107ನೇ ಕಲಂ ನಾಲ್ಕು ಅಂಶಗಳನ್ನು ಒಟ್ಟಿಗೆ ತೂಗಿ ನೋಡಲು ಹೇಳುತ್ತದೆ: ಬಳಕೆಯ ಉದ್ದೇಶ, ಮೂಲ ಕೃತಿಯ ಸ್ವರೂಪ, ತೆಗೆದುಕೊಂಡ ಭಾಗದ ಪ್ರಮಾಣ ಮತ್ತು ಮಹತ್ವ, ಮೂಲದ ಮಾರುಕಟ್ಟೆಗೆ ಆಗುವ ಪರಿಣಾಮ. ಮೂರನೆಯದರಲ್ಲೇ ನಾನು ಬಹಳ ಹೊತ್ತು ಸಿಕ್ಕಿಕೊಂಡಿದ್ದೆ. ಎರಡು ತೀರ್ಪುಗಳನ್ನು ಅಕ್ಕಪಕ್ಕ ಇಟ್ಟು ಓದಿದ ಮೇಲೆ ದಾರಿ ತಿಳಿಯಾಯಿತು.

ಅಮೆರಿಕದ ಮಾಜಿ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಅವರ ಆತ್ಮಕಥನ ಅಚ್ಚಾಗುವ ಮುನ್ನವೇ ಅದರ ಹಸ್ತಪ್ರತಿ ‘ದಿ ನೇಷನ್’ ಪತ್ರಿಕೆಯ ಕೈಸೇರಿತು. ಸುಮಾರು 2,00,000 ಪದಗಳ ಹಸ್ತಪ್ರತಿಯಿಂದ ಅದು ಯಥಾವತ್ತಾಗಿ ಎತ್ತಿಕೊಂಡದ್ದು 300ರಷ್ಟು ಪದಗಳನ್ನು ಮಾತ್ರ. ಶೇಕಡಾ ಒಂದಕ್ಕಿಂತಲೂ ಎಷ್ಟೋ ಕಡಿಮೆ! ಆದರೆ ಅವು ಫೋರ್ಡ್ ತಮ್ಮ ಹಿಂದಿನ ಅಧ್ಯಕ್ಷ ನಿಕ್ಸನ್ ಅವರಿಗೆ ಕ್ಷಮಾದಾನ ನೀಡಿದ ಪ್ರಸಂಗದ ಮಾತುಗಳು, ಅಂದರೆ ಪುಸ್ತಕದ ತಿರುಳು. ಆಯ್ದ ಭಾಗವನ್ನು ಮೊದಲು ಪ್ರಕಟಿಸಲು 25,000 ಡಾಲರಿಗೆ ಒಪ್ಪಿದ್ದ ‘ಟೈಮ್’ ಪತ್ರಿಕೆ ಹಿಂದೆ ಸರಿದು, ಬಾಕಿ 12,500 ಡಾಲರ್ ಕೊಡಲಿಲ್ಲ. ಇದು ನ್ಯಾಯೋಚಿತ ಬಳಕೆಯಲ್ಲ ಎಂದು 1985ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿತು.

ಅದೇ ಕೋರ್ಟ್ 1984ರ ಸೋನಿ ಪ್ರಕರಣದಲ್ಲಿ, ಟಿವಿ ಕಾರ್ಯಕ್ರಮವನ್ನು ಆಮೇಲೆ ನೋಡಲೆಂದು ಮನೆಯಲ್ಲಿ ಇಡಿಯಾಗಿ ರೆಕಾರ್ಡ್ ಮಾಡಿಕೊಂಡರೂ ತಪ್ಪಿಲ್ಲ ಎಂದಿತ್ತು. ಪೂರ್ತಿ ನಕಲು ನ್ಯಾಯೋಚಿತ, 300 ಪದ ನ್ಯಾಯೋಚಿತವಲ್ಲ! ಹಾಗಾಗಿ ನಾನು ಪ್ರತಿ ಉದಾಹರಣೆಗೂ ಎರಡು ಪ್ರಶ್ನೆ ಹಾಕಿಕೊಳ್ಳುತ್ತೇನೆ: ತೆಗೆದದ್ದು ಕೃತಿಯ ತಿರುಳೇ? ನನ್ನದು ಸಿಕ್ಕವರಿಗೆ ಮೂಲವನ್ನು ಕೊಳ್ಳುವ ಅಗತ್ಯವೇ ಇರುವುದಿಲ್ಲವೇ? ಕವಿತೆಯ ಸಾಲುಗಳನ್ನು ಉಲ್ಲೇಖಿಸಿ ಚರ್ಚಿಸುವುದಕ್ಕೂ ಅದೇ ಸಾಲುಗಳನ್ನು ಶುಭಾಶಯ ಪತ್ರದಲ್ಲಿ ಅಚ್ಚು ಹಾಕಿ ಮಾರುವುದಕ್ಕೂ ಇರುವ ಅಂತರ ಆಗ ತಾನಾಗಿ ಕಾಣುತ್ತದೆ.

ಲೇಖಕರ ಹೆಸರು ಹಾಕಿದರೆ ಕೃತಿಚೌರ್ಯದ ಆರೋಪ ತಪ್ಪೀತು. ಅನುಮತಿ ಪಡೆದಂತೆ ಆಗುವುದಿಲ್ಲ.

ಈ ನಾಲ್ಕು ಅಂಶಗಳನ್ನು ಭಾರತಕ್ಕೆ ಹಾಗೆಯೇ ಹೊಂದಿಸಬೇಡಿ. ನಮ್ಮ 1957ರ ಕಾಯ್ದೆಯ 52ನೇ ಕಲಂ ಸ್ವಂತ ಅಧ್ಯಯನ, ಸಂಶೋಧನೆ, ವಿಮರ್ಶೆ, ಪ್ರಚಲಿತ ಘಟನೆಗಳ ವರದಿ, ಬೋಧನೆ ಮುಂತಾದ ಸಂದರ್ಭಗಳನ್ನು ಪಟ್ಟಿ ಮಾಡಿದೆ. ಬಳಕೆ ಮೊದಲು ಆ ಪಟ್ಟಿಯೊಳಗೆ ಬರಬೇಕು.