ಐವರು ಸೇರಿ ಒಂದು ಅನಿಮೇಷನ್ ಕಿರುಚಿತ್ರ: ಕೆಲಸವನ್ನು ಹಂಚಿಕೊಳ್ಳುವುದು ಹೇಗೆ?

ಪ್ರಶ್ನೆ: ನಾವು ಬಾಗಲಕೋಟೆಯ ಐವರು ಪದವಿ ವಿದ್ಯಾರ್ಥಿಗಳು. ಇಳಕಲ್ಲಿನಲ್ಲಿ ಸೀರೆ ನೇಯುವ ಆಯಿ ಮತ್ತು ಅವಳ ಮೊಮ್ಮಗಳ ಕಥೆಯನ್ನು ಮೂರು ನಿಮಿಷದ ಕಂಪ್ಯೂಟರ್ ಅನಿಮೇಷನ್ ಚಿತ್ರವಾಗಿ ಮಾಡಬೇಕೆಂದಿದ್ದೇವೆ. ನಮ್ಮ ಬಳಿ ಎರಡು ಸಾಧಾರಣ ಲ್ಯಾಪ್‌ಟಾಪ್‌ಗಳಿವೆ. ಸಂಜೆ ಹೊತ್ತು ಕಾಲೇಜಿನ ಲ್ಯಾಬ್ ಸಿಗುತ್ತದೆ. ಐವರೂ ಏಕಕಾಲಕ್ಕೆ ಕೆಲಸ ಮಾಡುವಂತೆ ಚಿತ್ರವನ್ನು ಹೇಗೆ ಹಂಚಿಕೊಳ್ಳಬೇಕು?

ಉತ್ತರ: ಈ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಆಗಾಗ ಬರುತ್ತದೆ, ಮತ್ತು ಕೇಳುವವರಲ್ಲಿ ಬಹುಪಾಲು ಜನ ಒಂದು ಉತ್ತರವನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಕೇಳುತ್ತಾರೆ: ಮೂರು ನಿಮಿಷವೆಂದರೆ 180 ಸೆಕೆಂಡು, ಐವರಿಗೆ ಹಂಚಿದರೆ ತಲೆಗೆ 36 ಸೆಕೆಂಡು, ಅವರವರ ಪಾಲನ್ನು ಅವರವರು ಮಾಡಿ ತಂದರೆ ಕೊನೆಗೆ ಜೋಡಿಸಿದರಾಯಿತು. ಲೆಕ್ಕದಲ್ಲಿ ತಪ್ಪಿಲ್ಲ, ಹಾಗೆ ಮಾಡಿದ ಚಿತ್ರ ಮಾತ್ರ ಕೂಡಿಬರುವುದಿಲ್ಲ. ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಚಿತ್ರವನ್ನು ಸೆಕೆಂಡುಗಳ ಲೆಕ್ಕದಲ್ಲಿ ಹಂಚಿಕೊಳ್ಳಬೇಡಿ, ಕೆಲಸದ ಬಗೆ ನೋಡಿ ಹಂಚಿಕೊಳ್ಳಿ. ಎಲ್ಲರಿಗೂ ಬೇಕಾಗುವ ಪಾತ್ರಗಳು ಮತ್ತು ಮನೆ ಒಂದೊಂದೇ ಕಡತದಲ್ಲಿರಲಿ, ಉಳಿದವರು ಅವುಗಳನ್ನು ನಕಲು ಮಾಡಿಕೊಳ್ಳದೆ ಲಿಂಕ್ ಮಾಡಿಕೊಳ್ಳಲಿ. ಒಬ್ಬರ ಕೆಲಸ ಇನ್ನೊಬ್ಬರ ಕೆಲಸಕ್ಕೆ ಎಲ್ಲಿ ಸೇರುತ್ತದೆಯೋ ಆ ಜಾಗವನ್ನು ಆರಂಭದಲ್ಲಿಯೇ ಗೊತ್ತುಮಾಡಿಕೊಳ್ಳಿ.

ನಾನು ವಿದ್ಯಾರ್ಥಿಯಾಗಿದ್ದಾಗ ನಾವು ನಾಲ್ವರು ತಲೆಗೆ ಮುಕ್ಕಾಲು ನಿಮಿಷದಂತೆ ಹಂಚಿಕೊಂಡಿದ್ದೆವು. ತಿಂಗಳೊಪ್ಪತ್ತಿನ ಮೇಲೆ ನಾಲ್ಕು ಪೆನ್‌ಡ್ರೈವ್‌ಗಳು ಒಂದೇ ಮೇಜಿಗೆ ಬಂದವು. ಮೊದಲ ಭಾಗದಲ್ಲಿ ಹುಡುಗನ ಎಡ ಹೆಗಲಿಗಿದ್ದ ಪಾಟೀಚೀಲ ಎರಡನೆಯ ಭಾಗದಲ್ಲಿ ಬಲ ಹೆಗಲಿಗೆ ಹೋಗಿತ್ತು, ಮೂರನೆಯದರಲ್ಲಿ ಚೀಲವೇ ಇರಲಿಲ್ಲ. ಒಂದೇ ಮುಂಜಾನೆಯ ಕಥೆಯಲ್ಲಿ ಬಿಸಿಲು ಎರಡು ದಿಕ್ಕಿನಿಂದ ಬೀಳುತ್ತಿತ್ತು. ಎಲ್ಲಕ್ಕಿಂತ ದೊಡ್ಡ ತಪ್ಪು ನನ್ನದೇ: ಮೀಟರಿನ ಅಳತೆಯನ್ನು ಲೆಕ್ಕಿಸದೆ ನಾನು ಮನೆ ಕಟ್ಟಿದ್ದರಿಂದ, ಗೆಳೆಯ ಮಾಡಿದ ಹುಡುಗನನ್ನು ತಂದು ಬಾಗಿಲಲ್ಲಿ ನಿಲ್ಲಿಸಿದಾಗ ಅವನು ಹೊಸ್ತಿಲಿಗಿಂತ ಗಿಡ್ಡನಾಗಿದ್ದ. ನಾಲ್ವರಲ್ಲಿ ಯಾರೂ ಮೈಗಳ್ಳರಾಗಿರಲಿಲ್ಲ, ಬಿಡಿಬಿಡಿಯಾಗಿ ನೋಡಿದರೆ ಕೆಲಸವೂ ಕೆಟ್ಟದ್ದಾಗಿರಲಿಲ್ಲ. ಆ ಚಿತ್ರ ಮುಗಿಯಲಿಲ್ಲ.

ನಿಮ್ಮ ಕಥೆಯೇ ಇಳಕಲ್ ಸೀರೆಯದು ಆಗಿರುವುದರಿಂದ ಹೇಳುವುದು ಸುಲಭವಾಯಿತು. ಆ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಪ್ರತ್ಯೇಕವಾಗಿ ಸಿದ್ಧಪಡಿಸಿ, ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ. ಎರಡೂ ಕಡೆಯ ಎಳೆಗಳ ಎಣಿಕೆ ಮೊದಲೇ ಹೊಂದಿರದಿದ್ದರೆ ಕೊಂಡಿ ಕೂಡುವುದಿಲ್ಲ. ಅನಿಮೇಷನ್ ಚಿತ್ರದಲ್ಲಿ ಈ ಎಣಿಕೆಯ ಕೆಲಸವನ್ನು ಮಾಡುವುದು ಅನಿಮ್ಯಾಟಿಕ್. ಪ್ರತಿಯೊಂದು ಶಾಟನ್ನು ಪೆನ್ಸಿಲಿನಲ್ಲಿ ಹಾಳೆಯ ಮೇಲೆ ಬರೆದು, ಮೊಬೈಲಿನಲ್ಲಿ ಫೋಟೋ ತೆಗೆದು, ಯಾವುದಾದರೂ ಎಡಿಟಿಂಗ್ ತಂತ್ರಾಂಶದಲ್ಲಿ ಸಾಲಾಗಿ ಇಟ್ಟು, ಮಾತನ್ನೂ ಸದ್ದನ್ನೂ ನಿಮ್ಮದೇ ದನಿಯಲ್ಲಿ ತಾತ್ಕಾಲಿಕವಾಗಿ ಸೇರಿಸಿದರೆ ಅದು ಸಿದ್ಧ. ಚಿತ್ರ ಬಿಡಿಸಲು ಬಾರದಿದ್ದರೂ ಅಡ್ಡಿಯಿಲ್ಲ. ಕಡ್ಡಿಯಂಥ ಆಕೃತಿಗಳು ಸಾಕು. ಆಯಿ ಯಾವ ಕಡೆಗೆ ಮುಖ ಮಾಡಿದ್ದಾಳೆ, ಬೆಳಕು ಯಾವ ಕಡೆಯಿಂದ ಬರುತ್ತಿದೆ, ಶಾಟ್ ಯಾವ ಭಂಗಿಯಲ್ಲಿ ಮುಗಿದು ಮುಂದಿನದು ಯಾವ ಭಂಗಿಯಲ್ಲಿ ತೆರೆಯುತ್ತದೆ ಎಂಬ ಮೂರು ಸಂಗತಿಗಳು ಪ್ರತಿ ಹಾಳೆಯಲ್ಲಿ ಸ್ಪಷ್ಟವಾಗಿರಬೇಕು. ಇದಕ್ಕೆ ಎರಡು ವಾರ ಹಿಡಿದರೂ ಹಿಡಿಯಲಿ. ಹಾಳೆಯ ಮೇಲೆ ಒಂದು ಶಾಟನ್ನು ಕಿತ್ತುಹಾಕಲು ಐದು ನಿಮಿಷ ಸಾಕು. ಅದೇ ಶಾಟನ್ನು ಅನಿಮೇಷನ್ ಆದ ಮೇಲೆ ಕಿತ್ತುಹಾಕಿದರೆ ಒಬ್ಬ ಗೆಳೆಯನ ಎರಡು ವಾರದ ದುಡಿಮೆ ಹೋಗುತ್ತದೆ, ಅವನೊಂದಿಗೆ ಮಾತುಕತೆಯೂ ಕೆಲವು ದಿನ ಹೋಗುತ್ತದೆ.

ಅನಿಮ್ಯಾಟಿಕ್ ನೋಡಿದ ಮೇಲೆ ಚಿತ್ರವನ್ನು ಒಂದೂವರೆ ನಿಮಿಷಕ್ಕೆ ಇಳಿಸಿ ಎಂಬುದು ನನ್ನ ಸಲಹೆ, ಬೇಕಿದ್ದರೆ ಒತ್ತಾಯವೆಂದೇ ತಿಳಿಯಿರಿ. ಪಳಗಿದ ಅನಿಮೇಟರ್ ಕೂಡ ದೊಡ್ಡ ಸ್ಟುಡಿಯೋಗಳಲ್ಲಿ ವಾರಕ್ಕೆ ಕೆಲವೇ ಸೆಕೆಂಡುಗಳಷ್ಟು ಕೆಲಸ ಮುಗಿಸುತ್ತಾರೆ. ಪರೀಕ್ಷೆ, ಅಸೈನ್‌ಮೆಂಟುಗಳ ನಡುವೆ ಮೊದಲ ಬಾರಿಗೆ ಮಾಡುವವರಿಗೆ 180 ಸೆಕೆಂಡು ಹೆಚ್ಚಾಯಿತು.

ಇನ್ನು ಐವರೂ ಏಕಕಾಲಕ್ಕೆ ಕೆಲಸ ಮಾಡುವ ವಿಷಯ. ಪಾತ್ರದ ಮಾಡೆಲ್ ಮುಗಿಯುವವರೆಗೆ ಅನಿಮೇಟರ್ ಕೈಕಟ್ಟಿ ಕೂಡಬೇಕಾದೀತೆಂಬ ಚಿಂತೆ ನಿಮ್ಮ ಪ್ರಶ್ನೆಯ ಹಿಂದಿದೆ ಎಂದು ಊಹಿಸುತ್ತೇನೆ. ನೀವು ಬ್ಲೆಂಡರ್ ಎಂಬ ಅನಿಮೇಷನ್ ತಂತ್ರಾಂಶವನ್ನು ಬಳಸುವಿರೆಂದು ಭಾವಿಸಿ ಉತ್ತರಿಸುತ್ತೇನೆ. ಅದು ಉಚಿತ, ಸಾಧಾರಣ ಯಂತ್ರದಲ್ಲಿಯೂ ಓಡುತ್ತದೆ, 2002ರಲ್ಲಿ ಬಳಕೆದಾರರೇ ಏಳು ವಾರಗಳಲ್ಲಿ ಒಂದು ಲಕ್ಷ ಯೂರೋ ಕೂಡಿಸಿ ಅದನ್ನು ಮುಕ್ತ ತಂತ್ರಾಂಶವಾಗಿಸಿದರು. ಮೊದಲ ದಿನವೇ ‘ಆಯಿ’ ಎಂಬ ಕಡತವೊಂದನ್ನು ತೆರೆದು, ತಲೆಗೊಂದು ಗುಂಡು, ಮೈಗೊಂದು ಡಬ್ಬಿ, ಕೈಕಾಲಿಗೆ ನಾಲ್ಕು ಕೊಳವೆ ಇಟ್ಟು, ಒಳಗೆ ಮೂಳೆಗಳನ್ನು, ಅಂದರೆ ಮೈಯನ್ನು ಬಗ್ಗಿಸಿ ಅಲ್ಲಾಡಿಸುವ ಹಿಡಿಕೆಗಳನ್ನು ಜೋಡಿಸಿ ಒಂದು ಬದಲಿ ಆಯಿಯನ್ನು ಮಾಡಿ. ಎತ್ತರ ಒಂದೂವರೆ ಮೀಟರ್ ಎಂದರೆ ಒಂದೂವರೆ ಮೀಟರ್. ಪ್ರತಿಯೊಂದು ಶಾಟಿಗೂ ಬೇರೆ ಕಡತವಿರಲಿ. ಅದರೊಳಗೆ ಈ ಆಯಿಯನ್ನು ‘ಲಿಂಕ್’ ಆಯ್ಕೆಯಿಂದ ತಂದು, ‘ಲೈಬ್ರರಿ ಓವರ್‌ರೈಡ್’ (ಮೂಲ ಕಡತವನ್ನು ಮುಟ್ಟದೆ ಶಾಟಿನೊಳಗೆ ಮಾತ್ರ ಬದಲಿಸಲು ಬಿಡುವ ಆಯ್ಕೆ) ಮಾಡಿಕೊಂಡರೆ ಅನಿಮೇಟರ್ ಅವಳನ್ನು ಕೂಡಿಸಬಹುದು, ಏಳಿಸಬಹುದು. ಅತ್ತ ಮಾಡೆಲ್ ಮಾಡುವವರು ಮೂಲ ಕಡತದಲ್ಲಿ ಡಬ್ಬಿಯನ್ನು ತೆಗೆದು ನಿಜವಾದ ಮೈ, ಮುಖದ ಸುಕ್ಕು, ಮೂಗುತಿ ಎಲ್ಲವನ್ನೂ ಸೇರಿಸುತ್ತ ಹೋಗುತ್ತಾರೆ. ಮುಂದಿನ ಸಲ ಶಾಟ್ ತೆರೆದಾಗ ಅಲ್ಲಿಯೂ ಹೊಸ ಆಯಿಯೇ ಕುಳಿತಿರುತ್ತಾಳೆ. ಚಲನೆ ಹಾಗೆಯೇ ಉಳಿದಿರುತ್ತದೆ. ಷರತ್ತು ಒಂದೇ: ಮೂಳೆಗಳ ಹೆಸರನ್ನು ಯಾರೂ ನಡುವೆ ಬದಲಿಸಬಾರದು, ಏಕೆಂದರೆ ಚಲನೆ ಆ ಹೆಸರಿಗೇ ಅಂಟಿಕೊಂಡಿರುತ್ತದೆ. ‘ಅಪೆಂಡ್’ ಎಂಬ ಆಯ್ಕೆ ಪಕ್ಕದಲ್ಲಿಯೇ ಇದೆ, ಅದನ್ನು ಒತ್ತಿದರೆ ನಕಲು ಬರುತ್ತದೆ, ನಮ್ಮ ಪಾಟೀಚೀಲದ ಕಥೆ ಮತ್ತೆ ಶುರುವಾಗುತ್ತದೆ.

ಹೀಗಾದರೆ ಒಬ್ಬರು ಪಾತ್ರಗಳನ್ನು, ಒಬ್ಬರು ಮನೆ ಮತ್ತು ಮಗ್ಗವನ್ನು, ಇಬ್ಬರು ಅನಿಮೇಷನ್ನನ್ನು ನೋಡಿಕೊಳ್ಳಬಹುದು. ಐದನೆಯವರು ನಿರ್ದೇಶಕರು, ಎಡಿಟಿಂಗ್ ಮತ್ತು ಸದ್ದು ಅವರವೇ. ಮನೆ ಕಟ್ಟಿದವರು ಅದನ್ನು ಮುಗಿಸಿದ ಮೇಲೆ ಬೆಳಕಿನ ಕೆಲಸಕ್ಕೆ ಹೋಗಲಿ, ಆ ಮನೆಯ ಕಿಟಕಿಗಳು ಅವರಿಗೇ ಚೆನ್ನಾಗಿ ಗೊತ್ತಿರುತ್ತವೆ. ಅಭಿಪ್ರಾಯ ಐವರೂ ಹೇಳಲಿ, ತೀರ್ಮಾನ ನಿರ್ದೇಶಕರದಾಗಿರಲಿ. ಮತ ಹಾಕಿ ನಿರ್ಧರಿಸಿದ ಚಿತ್ರಗಳಲ್ಲಿ ಎಲ್ಲರಿಗೂ ಸ್ವಲ್ಪ ಸ್ವಲ್ಪ ಇಷ್ಟವಾಗುವ ದೃಶ್ಯಗಳೇ ತುಂಬಿಕೊಂಡಿರುವುದನ್ನು ನಾನು ಕಂಡಿದ್ದೇನೆ.

ಸೀರೆ ಮತ್ತು ಮಗ್ಗದ ವಿಷಯದಲ್ಲಿ ನಿಮಗೊಂದು ಕಷ್ಟವಿದೆ, ಒಂದು ಅನುಕೂಲವೂ ಇದೆ. ಬಟ್ಟೆಯನ್ನು ಕಂಪ್ಯೂಟರಿನ ಲೆಕ್ಕಕ್ಕೆ ಬಿಟ್ಟು ಹಾರಾಡಿಸುವುದು ಬಲು ತೊಡಕಿನ ಕೆಲಸ. ಸೆರಗು ಆಯಿಯ ಭುಜದೊಳಗೆ ತೂರಿಕೊಂಡು ಬೆನ್ನಲ್ಲಿ ಹೊರಬರುವುದನ್ನು ನೋಡುತ್ತ ವಾರಗಳು ಕಳೆದುಹೋಗುತ್ತವೆ. ಸೀರೆಯನ್ನು ಮೈಯ ಭಾಗವಾಗಿಯೇ ಮಾಡೆಲ್ ಮಾಡಿ, ತಲೆಯ ಮೇಲಿನ ಸೆರಗಿನ ಅಂಚಿಗೆ ಮಾತ್ರ ಮೂರು ನಾಲ್ಕು ಮೂಳೆ ಕೊಟ್ಟು ಕೈಯಿಂದಲೇ ಅಲ್ಲಾಡಿಸಿ. ಅನುಕೂಲವೆಂದರೆ ಮಗ್ಗ: ಲಾಳಿ ಅತ್ತ ಹೋಗಿ ಇತ್ತ ಬರುತ್ತದೆ, ಕಾಲು ಒಂದಾದ ಮೇಲೊಂದು ತುಳಿಯುತ್ತದೆ, ಮತ್ತೆ ಅದೇ. ಇಳಕಲ್ಲಿಗೆ ಹೋಗಿ, ಅನುಮತಿ ಕೇಳಿ, ಮಗ್ಗದ ಮುಂದೆ ಕುಳಿತು ಹತ್ತು ನಿಮಿಷ ಮೊಬೈಲಿನಲ್ಲಿ ಚಿತ್ರೀಕರಿಸಿಕೊಳ್ಳಿ; ಕೈಗಳನ್ನೊಮ್ಮೆ, ಕಾಲುಗಳನ್ನೊಮ್ಮೆ, ಮುಖವನ್ನೊಮ್ಮೆ. ಆಮೇಲೆ ಅದನ್ನು ನಿಧಾನವಾಗಿ ಓಡಿಸಿ, ಲಾಳಿ ಹೊರಟು ಮರಳುವುದಕ್ಕೆ ಎಷ್ಟು ಫ್ರೇಮ್ ಎಂದು ಎಣಿಸಿ. ಅದು 40 ಆದರೆ ಆ 40 ಫ್ರೇಮುಗಳನ್ನು ಜೀವವಿಟ್ಟು ಮಾಡಿ. ಉಳಿದ ಕಡೆ ಅದೇ ಚಕ್ರವನ್ನು ತಿರುಗಿಸಬಹುದು. ಮೂರು ನಾಲ್ಕು ಸುತ್ತಿಗೊಮ್ಮೆ ಆಯಿ ಕೈ ನಿಲ್ಲಿಸಿ ಎಳೆಯೊಂದನ್ನು ಮುಟ್ಟಿ ನೋಡಲಿ, ಆಗ ಯಂತ್ರದ ವಾಸನೆ ಬರುವುದಿಲ್ಲ. ಅದೇ ಹೊತ್ತಿನಲ್ಲಿ ಮಗ್ಗದ ಸದ್ದನ್ನೂ ಫ್ಯಾನ್ ಆರಿಸಿ ಪ್ರತ್ಯೇಕವಾಗಿ ರೆಕಾರ್ಡ್ ಮಾಡಿಕೊಂಡು ಬನ್ನಿ.

ಕಡತಗಳ ಶಿಸ್ತು ನೀರಸವಾದ ವಿಷಯ, ಆದರೂ ತಪ್ಪಿಸುವಂತಿಲ್ಲ. ಇಡೀ ಚಿತ್ರಕ್ಕೆ ಒಂದೇ ಫೋಲ್ಡರ್; ನಕಲು ಮಾಡುವಾಗ ಅದನ್ನೇ ಇಡಿಯಾಗಿ ಒಯ್ಯಬೇಕು, ಒಂದು ಕಡತ ಇನ್ನೊಂದನ್ನು ಹುಡುಕುವ ದಾರಿ ಆ ಕಡತ ಇರುವ ಜಾಗಕ್ಕೆ ಸಾಪೇಕ್ಷವಾಗಿರಬೇಕು. ಇಲ್ಲವಾದರೆ ಲ್ಯಾಬಿನಲ್ಲಿ ತೆರೆದಾಗ ಬಣ್ಣದ ಚಿತ್ರಗಳು ಸಿಗದೆ ಆಯಿ ಅಡಿಯಿಂದ ಮುಡಿಯವರೆಗೆ ಕಡುಗುಲಾಬಿಯಾಗಿ ನಿಂತಿರುತ್ತಾಳೆ. ಕಡತದ ಹೆಸರಿನಲ್ಲಿ ಶಾಟಿನ ಸಂಖ್ಯೆ, ಕೆಲಸದ ಬಗೆ, ಆವೃತ್ತಿಯ ಸಂಖ್ಯೆ ಇರಲಿ. ‘ಫೈನಲ್’ ಎಂಬ ಪದವನ್ನು ತಂಡದಲ್ಲಿ ನಿಷೇಧಿಸಿ. ಒಂದೇ ಕಡತವನ್ನು ಇಬ್ಬರು ತೆರೆದು ಉಳಿಸಿದರೆ ನಂತರ ಉಳಿಸಿದವರದು ಮಾತ್ರ ಉಳಿಯುತ್ತದೆ, ಆದ್ದರಿಂದ ಯಾವ ಕಡತ ಯಾರ ಕೈಯಲ್ಲಿದೆ ಎಂದು ಬರೆಯಲು ಒಂದು ನೋಟ್‌ಬುಕ್ ಇಡಿ. ಎಲ್ಲ ಯಂತ್ರಗಳಲ್ಲಿಯೂ ಬ್ಲೆಂಡರಿನ ಒಂದೇ ಆವೃತ್ತಿ ಇರಬೇಕು. ಲ್ಯಾಬಿನಲ್ಲಿ ಇನ್‌ಸ್ಟಾಲ್ ಮಾಡಲು ಬಿಡದಿದ್ದರೆ, ಪೆನ್‌ಡ್ರೈವಿನಿಂದಲೇ ಓಡುವ ಜಿಪ್ ಆವೃತ್ತಿ ದೊರೆಯುತ್ತದೆ. ಬ್ಲೆಂಡರಿನವರು 2008ರಲ್ಲಿ ‘ಬಿಗ್ ಬಕ್ ಬನ್ನಿ’ ಎಂಬ ಕಿರುಚಿತ್ರ ಮಾಡಿ, ಅದರ ನಿರ್ಮಾಣದ ಕಡತಗಳನ್ನೂ ಸಾರ್ವಜನಿಕರಿಗೆ ಕೊಟ್ಟಿದ್ದಾರೆ; ಫೋಲ್ಡರುಗಳನ್ನು ಹೇಗೆ ಇಟ್ಟಿದ್ದಾರೆ ಎಂದು ನೋಡಲಿಕ್ಕಾದರೂ ಅವುಗಳನ್ನೊಮ್ಮೆ ತೆರೆಯಿರಿ.

ರೆಂಡರಿಂಗಿನ, ಅಂದರೆ ಕಂಪ್ಯೂಟರ್ ಪ್ರತಿ ಫ್ರೇಮಿನ ಅಂತಿಮ ಚಿತ್ರವನ್ನು ತಯಾರಿಸುವ ಕೆಲಸದ ಲೆಕ್ಕವನ್ನು ಕೊನೆಗೆ ಹಾಕುವವರೇ ಹೆಚ್ಚು. ನೀವು ಮೊದಲ ವಾರದಲ್ಲಿಯೇ ಹಾಕಿ. ಸೆಕೆಂಡಿಗೆ 24 ಫ್ರೇಮಿನಂತೆ ಮೂರು ನಿಮಿಷಕ್ಕೆ 4320 ಫ್ರೇಮುಗಳಾಗುತ್ತವೆ. ಬೆಳಕಿನ ಕಿರಣಗಳ ಪುಟಿತವನ್ನು ಲೆಕ್ಕಹಾಕುವ ‘ಸೈಕಲ್ಸ್’ ವಿಧಾನದಲ್ಲಿ ನಿಮ್ಮ ಲ್ಯಾಪ್‌ಟಾಪ್ ಫ್ರೇಮಿಗೆ ನಾಲ್ಕು ನಿಮಿಷ ತೆಗೆದುಕೊಂಡರೆ 17,280 ನಿಮಿಷ, ಅಂದರೆ ಹಗಲು ರಾತ್ರಿ ನಿಲ್ಲಿಸದೆ 12 ದಿನ. ಒಂದೂವರೆ ನಿಮಿಷದ ಚಿತ್ರವಾದರೆ ಅದು ಆರು ದಿನ, ಎರಡು ಯಂತ್ರಗಳಾದರೆ ಮೂರು. ಚಿತ್ರದ ಗಾತ್ರವನ್ನು 1920 ಬೈ 1080ರಿಂದ 1280 ಬೈ 720ಕ್ಕೆ ಇಳಿಸಿದರೆ ಚುಕ್ಕೆಗಳ ಸಂಖ್ಯೆ ಅರ್ಧಕ್ಕಿಂತ ಕಡಿಮೆಯಾಗಿ, ಸಮಯವೂ ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಇಷ್ಟಾದರೂ ಭಾರವೆನಿಸಿದರೆ ಬ್ಲೆಂಡರಿನದೇ ಆದ, ಇನ್ನೂ ವೇಗದ ‘ಈವೀ’ ವಿಧಾನವನ್ನು ಬಳಸಿ, ಬಹಳಷ್ಟು ಸಲ ಫ್ರೇಮಿಗೆ ಕೆಲವು ಸೆಕೆಂಡುಗಳಲ್ಲಿ ಮುಗಿಯುತ್ತದೆ. ಅದನ್ನು ಬಡವರ ವಿಧಾನವೆಂದು ಯಾರಾದರೂ ಮೂಗು ಮುರಿದರೆ, 2025ರಲ್ಲಿ ಅತ್ಯುತ್ತಮ ಅನಿಮೇಷನ್ ಚಿತ್ರದ ಆಸ್ಕರ್ ಪಡೆದ ಲಾಟ್ವಿಯಾದ ‘ಫ್ಲೋ’ ರೆಂಡರ್ ಆದದ್ದು ಇದರಲ್ಲಿಯೇ ಎಂದು ಹೇಳಿ.

ಕರೆಂಟು ಹೋಗುವುದನ್ನೂ ಲೆಕ್ಕದಲ್ಲಿ ಸೇರಿಸಿಕೊಳ್ಳಿ. ನೇರವಾಗಿ ವಿಡಿಯೋ ಕಡತವಾಗಿ ರೆಂಡರ್ ಮಾಡುತ್ತಿರುವಾಗ ಲ್ಯಾಬಿನ ಕಂಪ್ಯೂಟರ್ ಆರಿದರೆ ಆವರೆಗಿನ ಕೆಲಸವೆಲ್ಲ ಕೆಡಬಹುದು. ಪ್ರತಿ ಫ್ರೇಮನ್ನು ಬೇರೆ ಪಿಎನ್‌ಜಿ ಚಿತ್ರವಾಗಿ ಉಳಿಸಿದರೆ ಹೋಗುವುದು ಆ ಕ್ಷಣದ ಒಂದು ಫ್ರೇಮ್ ಮಾತ್ರ. ಲ್ಯಾಬಿನಲ್ಲಿ ಹಂಚಿಕೆಯ ಫೋಲ್ಡರ್ ಇದ್ದರೆ, ಔಟ್‌ಪುಟ್ ಆಯ್ಕೆಗಳಲ್ಲಿ ‘ಓವರ್‌ರೈಟ್’ ತೆಗೆದು ‘ಪ್ಲೇಸ್‌ಹೋಲ್ಡರ್ಸ್’ ಗುರುತು ಹಾಕಿ. ಎಷ್ಟು ಯಂತ್ರಗಳನ್ನು ಹಚ್ಚಿದರೂ ಒಂದು ಹಿಡಿದ ಫ್ರೇಮನ್ನು ಇನ್ನೊಂದು ಮುಟ್ಟದೆ ಮುಂದಿನದಕ್ಕೆ ಹೋಗುತ್ತದೆ.

ವಾರಕ್ಕೊಮ್ಮೆ, ಭಾನುವಾರವೆಂದಿಟ್ಟುಕೊಳ್ಳಿ, ಐವರೂ ಕೂತು ಚಿತ್ರವನ್ನು ಮೊದಲಿನಿಂದ ಕೊನೆಯವರೆಗೆ ನಿಲ್ಲಿಸದೆ ನೋಡಿ. ಮುಗಿದ ಶಾಟುಗಳು ಅನಿಮ್ಯಾಟಿಕ್‌ನಲ್ಲಿ ಪೆನ್ಸಿಲ್ ಚಿತ್ರದ ಜಾಗಕ್ಕೆ ಒಂದೊಂದಾಗಿ ಬಂದು ಕೂಡುತ್ತಿರಬೇಕು. ಕೊನೆಯಲ್ಲಿ ಬರುವ ಹೆಸರುಗಳ ಕ್ರಮವನ್ನು ಮೊದಲ ಭಾನುವಾರವೇ ಬರೆದಿಡಿ. ಸಂಗೀತಕ್ಕೆ ಸಿನಿಮಾ ಹಾಡನ್ನು ಎತ್ತಿಕೊಳ್ಳಬೇಡಿ. ಬೀಸುವ ಪದವೋ ಸೋಬಾನೆಯೋ ಹಾಡಲು ಬರುವ ಹಿರಿಯರು ನಿಮ್ಮ ಮನೆಗಳಲ್ಲಿಯೇ ಇದ್ದಾರು.

ಕೊನೆಯದಾಗಿ ಶೀರ್ಷಿಕೆ. ಬ್ಲೆಂಡರಿನ ಅಕ್ಷರಗಳಲ್ಲಿ ಕನ್ನಡವನ್ನು ನೇರವಾಗಿ ಟೈಪ್ ಮಾಡಿದರೆ ಒತ್ತಕ್ಷರಗಳು ಒಡೆದು ಪಕ್ಕಕ್ಕೆ ನಿಲ್ಲುವುದುಂಟು. ‘ಇಳಕಲ್ಲು’ ಎಂದು ಬರೆದದ್ದು ಓದಲು ಬಾರದಂತಾಗುತ್ತದೆ. ಇಂಕ್‌ಸ್ಕೇಪ್ ಎಂಬ ಉಚಿತ ಚಿತ್ರರಚನೆಯ ತಂತ್ರಾಂಶದಲ್ಲಿ ಯೂನಿಕೋಡ್ ಫಾಂಟ್ ಬಳಸಿ ಶೀರ್ಷಿಕೆಯನ್ನು ಬರೆದು, ಅಕ್ಷರಗಳನ್ನು ರೇಖೆಗಳಾಗಿ ಪರಿವರ್ತಿಸಿ, ಎಸ್‌ವಿಜಿ ಕಡತವಾಗಿ ಉಳಿಸಿ ಬ್ಲೆಂಡರಿಗೆ ತನ್ನಿ. ಆಗ ಒತ್ತುಗಳು ಇರಬೇಕಾದಲ್ಲಿ ಇರುತ್ತವೆ, ಬೇಕಿದ್ದರೆ ಅವುಗಳಿಗೆ ದಪ್ಪ ಕೊಟ್ಟು ಮಗ್ಗದ ಮೇಲೆಯೇ ನಿಲ್ಲಿಸಬಹುದು.